ತೂಕದ ಕಾಂಟಾ ಹೇಳದ ಲೆಕ್ಕ: ಸೇನೆಯ ತರಬೇತಿ ಮೈಯೊಳಗೆ ಏನು ಬದಲು ಮಾಡುತ್ತೆ?

ಬೆಳಗಾವಿ: ಸೇನೆ ತರಬೇತಿ ಮುಗಿಸಿದ ಹುಡುಗ ಮೊದಲ ರಜೆಗೆ ಊರಿಗೆ ಬಂದರೆ, ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟೋದ್ರೊಳಗೆ ಹತ್ತು ಮಂದಿ ನಿಲ್ಲಿಸಿ ಮಾತಾಡಿಸ್ತಾರೆ. "ಏನ್ ಮೈ ಕಟ್ಯಾನೋ ಮಾರಾಯ" ಅನ್ನೋರು ಒಬ್ಬರು. "ಅಯ್ಯ, ಎಷ್ಟ್ ಬಡಕಲಾಗ್ಯಾನ ನೋಡ್ರಿ" ಅನ್ನೋರು ಇನ್ನೊಬ್ಬರು. ಇಬ್ಬರ ಮಾತೂ ಖರೆ ಇರಬಹುದು. ಗಲ್ಲ, ಹೊಟ್ಟೆ ಇಳಿದಿರುತ್ತೆ, ಭುಜ ಮತ್ತು ತೊಡೆ ತುಂಬಿರುತ್ತೆ. ಕಾಂಟಾದ ಮೇಲೆ ನಿಲ್ಲಿಸಿದರೆ ಎಷ್ಟೋ ಸಲ ತೂಕ ಮಾತ್ರ ಹೋಗುವಾಗ ಇದ್ದಷ್ಟೇ.

ಬೆಳಗಾವಿ ಜಿಲ್ಲೆಗೆ ಇದು ಹೊಸದಲ್ಲ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇಲ್ಲೇ ಇದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಇನ್‌ಫ್ಯಾಂಟ್ರಿ ಸ್ಕೂಲ್‌ನ ಕಮಾಂಡೊ ತರಬೇತಿಯೂ ಬೆಳಗಾವಿಯಲ್ಲೇ ನಡೆಯುತ್ತೆ. ಹಳ್ಳಿ ಹಳ್ಳಿಯಲ್ಲಿ ಹುಡುಗರು ನಸುಕಿನ ನಾಲ್ಕೂವರೆ, ಐದಕ್ಕೆಲ್ಲ ರಸ್ತೆ ಮೇಲೆ ಓಡ್ತಿರೋದು ಎಲ್ಲರೂ ನೋಡಿರೋದೇ.

ತೊಂದರೆ ಶುರುವಾಗೋದು ಇಲ್ಲಿ. ಸೆಂಟರ್‌ನಲ್ಲಿ ಆರು ತಿಂಗಳು, ಅದಕ್ಕೂ ಹೆಚ್ಚು ಹೊತ್ತು ತಗೊಂಡು ಆಗೋ ಬದಲಾವಣೆನ ರ‍್ಯಾಲಿಗೆ 40 ದಿನ ಇದೆ ಅನ್ನುವಾಗ ಊರಲ್ಲೇ ಮಾಡಿ ಮುಗಿಸೋಕೆ ಹೋಗ್ತಾರೆ. ಊಟ ಬಿಡ್ತಾರೆ, ದಿನಕ್ಕೆ ಎರಡು ಹೊತ್ತು ಓಡ್ತಾರೆ, ಬಿಸಿಲಲ್ಲಿ ಪ್ಲಾಸ್ಟಿಕ್ ಜಾಕೆಟ್ ಹಾಕ್ಕೊಂಡು ಬೆವರು ಇಳಿಸ್ತಾರೆ. ಕೆಲವರು ರ‍್ಯಾಲಿ ಮುಟ್ಟೋ ಮುಂಚೆನೇ ಕಾಲು ಹಿಡ್ಕೊಂಡು ಕೂತಿರ್ತಾರೆ. ಆದ್ದರಿಂದ ಸೇನೆಯ ಕಸರತ್ತು ಮೈಯೊಳಗೆ ನಿಜಕ್ಕೂ ಏನು ಮಾಡುತ್ತೆ, ಎಷ್ಟು ದಿನದಲ್ಲಿ ಮಾಡುತ್ತೆ, ಯಾವುದರ ಬಲದ ಮೇಲೆ ಮಾಡುತ್ತೆ ಅನ್ನೋದು ತಿಳಿದಿರಬೇಕು.

ತೂಕ ಅಂದ್ರೆ ಒಂದೇ ಸಾಮಾನಲ್ಲ

ಕಾಂಟಾ ತೋರಿಸೋ ತೂಕದಲ್ಲಿ ಕೊಬ್ಬು, ಸ್ನಾಯು, ಎಲುಬು, ನೀರು ಎಲ್ಲ ಸೇರಿರುತ್ತೆ. ಡಾಕ್ಟರುಗಳು ಇದನ್ನ ಎರಡು ಪಾಲು ಮಾಡಿ ನೋಡ್ತಾರೆ. ಒಂದು ಕೊಬ್ಬಿನ ತೂಕ, ಇನ್ನೊಂದು ಕೊಬ್ಬು ಬಿಟ್ಟು ಉಳಿದಿದ್ದೆಲ್ಲದರ ತೂಕ. ಯಾವ ಪಾಲು ಎಷ್ಟಿದೆ ಅನ್ನೋದೇ ಮೈಯ ರಚನೆ.

ಒಂದು ಉದಾಹರಣೆ ತಗೊಳ್ಳಿ. ಇದು ಲೆಕ್ಕಕ್ಕೆ ಮಾತ್ರ, ಎಲ್ಲರಿಗೂ ಹಿಂಗೇ ಆಗುತ್ತೆ ಅಂತಲ್ಲ.

ಮೊದಲನೇ ಹುಡುಗ 60 ಕೆಜಿ. ಅದರಲ್ಲಿ ಕೊಬ್ಬು 9 ಕೆಜಿ, ಉಳಿದಿದ್ದು 51 ಕೆಜಿ. ಆರು ತಿಂಗಳ ತರಬೇತಿಯಲ್ಲಿ 2 ಕೆಜಿ ಕೊಬ್ಬು ಹೋಯ್ತು, 3 ಕೆಜಿ ಸ್ನಾಯು, ನೀರು ಎಲ್ಲ ಸೇರಿ ಬಂತು. ಈಗ ತೂಕ 61 ಕೆಜಿ. ಕಾಂಟಾ ಹೇಳೋದು "ಒಂದು ಕೆಜಿ ಏರಿದೆ" ಅಂತ ಅಷ್ಟೇ. ಆದ್ರೆ ಮೈಯಲ್ಲಿ ಕೊಬ್ಬಿನ ಪಾಲು ಶೇ 15ರಿಂದ ಶೇ 11.5ಕ್ಕೆ ಇಳಿದಿದೆ.

ಎರಡನೇ ಹುಡುಗ 78 ಕೆಜಿ, ಕೊಬ್ಬು 21 ಕೆಜಿ. ಆರು ತಿಂಗಳಲ್ಲಿ 8 ಕೆಜಿ ಕೊಬ್ಬು ಕರಗಿ, 1 ಕೆಜಿ ಸ್ನಾಯು ಬಂತು ಅಂದ್ಕೊಳ್ಳಿ. ತೂಕ 71 ಕೆಜಿ. ಒಂದೇ ಮೈದಾನ, ಒಂದೇ ಉಸ್ತಾದ್, ಒಂದೇ ಊಟ. ಒಬ್ಬನ ತೂಕ ಏರ್ತು, ಇನ್ನೊಬ್ಬನದು ಇಳೀತು. ಇಬ್ಬರಿಗೂ ತರಬೇತಿ ಹತ್ತಿದೆ.

ಈ ಫರಕು ಗೊತ್ತಾಗಿದ್ದೂ ಮಿಲಿಟರಿಯಿಂದಲೇ. ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕ ನೌಕಾಪಡೆಯ ಡಾಕ್ಟರ್ ಆಲ್ಬರ್ಟ್ ಬೆಂಕೆ, ಮನುಷ್ಯನನ್ನ ನೀರಲ್ಲಿ ಮುಳುಗಿಸಿ ತೂಗಿ ಕೊಬ್ಬಿನ ಅಂದಾಜು ಹಾಕೋ ಪದ್ಧತಿ ಬಳಕೆಗೆ ತಂದರು. ಕೊಬ್ಬು ನೀರಲ್ಲಿ ತೇಲುತ್ತೆ, ಸ್ನಾಯು ಮತ್ತು ಎಲುಬು ಮುಳುಗುತ್ತೆ ಅನ್ನೋದೇ ಅದರ ಮೂಲ. 1942ರಲ್ಲಿ ಅವರ ತಂಡ 25 ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನ ಹಿಂಗೆ ಅಳೀತು. ಅಂದಿನ ಎತ್ತರ-ತೂಕದ ಪಟ್ಟಿ ಪ್ರಕಾರ ಅವರಲ್ಲಿ 17 ಮಂದಿ "ತೂಕ ಜಾಸ್ತಿ, ಸೈನ್ಯಕ್ಕೆ ನಾಲಾಯಕ್" ಆಗ್ತಿದ್ದರು. ನೀರಲ್ಲಿ ತೂಗಿದಾಗ ಹೊರಬಿದ್ದಿದ್ದು ಬೇರೆ. ಅವರ ಜಾಸ್ತಿ ತೂಕ ಸ್ನಾಯುವಿನದಾಗಿತ್ತು, ಕೊಬ್ಬಿನದಲ್ಲ.

ತೆಳ್ಳಗಿದ್ದರೆ ಕೊಬ್ಬಿಲ್ಲ ಅಂತಲ್ಲ

ನಮ್ಮ ಕಡೆ ಇದರ ಉಲ್ಟಾ ಕಥೆ ಜಾಸ್ತಿ. ಕೈ ಕಾಲು ಸಣ್ಣ, ತೂಕವೂ ಕಡಿಮೆ, ಆದ್ರೆ ಹೊಟ್ಟೆ ಸುತ್ತ ಮೆತ್ತಗೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್‌ನ ಡಾಕ್ಟರ್ ಜಾನ್ ಯುಡ್‌ಕಿನ್ 2004ರಲ್ಲಿ ತಮ್ಮದೇ ಫೋಟೊ ಹಾಕಿ ಇದನ್ನ ತೋರಿಸಿದರು. ಇಬ್ಬರ ಎತ್ತರ-ತೂಕದ ಸೂಚ್ಯಂಕ, ಅಂದ್ರೆ ಬಿಎಂಐ, ಒಂದೇ: 22.3. ಆದರೆ ಲಂಡನ್ ಡಾಕ್ಟರ್ ಮೈಯಲ್ಲಿ ಕೊಬ್ಬು ಶೇ 9.1, ಪುಣೆ ಡಾಕ್ಟರ್ ಮೈಯಲ್ಲಿ ಶೇ 21.2.

ಇದೇ ಕಾರಣಕ್ಕೆ ಭಾರತೀಯರಿಗೆ ಬಿಎಂಐ 23 ದಾಟಿದರೇ ತೂಕ ಜಾಸ್ತಿ ಅಂತ ಎಣಿಸ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಅಂತಾರೆ. ತೂಕ ಸರಿ ಇದೆ ಅಂತ ನೆಮ್ಮದಿಯಾಗಿರೋ ಹುಡುಗ ಪುಲ್‌ಅಪ್ ಬಾರ್ ಹಿಡಿದಾಗ ನಾಲ್ಕಕ್ಕೆ ಸುಸ್ತಾಗೋದು ಇದರಿಂದಲೂ ಇರಬಹುದು. ಎತ್ತಬೇಕಾದ ಭಾರ ಇದೆ, ಎತ್ತೋ ಸ್ನಾಯು ಸಾಲದು.

ವಾರ ವಾರಕ್ಕೆ ಒಳಗೆ ಆಗೋದೇನು?

ತರಬೇತಿ ಶುರುವಾದ ಮೊದಲ ಒಂದೆರಡು ವಾರದಲ್ಲಿ ಬದಲಾಗೋದು ಕೊಬ್ಬೂ ಅಲ್ಲ, ಸ್ನಾಯುವೂ ಅಲ್ಲ. ರಕ್ತದಲ್ಲಿನ ನೀರಿನ ಪ್ರಮಾಣ ಏರುತ್ತೆ. ಬೆವರು ಬೇಗ ಬರೋಕೆ ಶುರುವಾಗುತ್ತೆ, ಮೈ ತಂಪು ಮಾಡ್ಕೊಳ್ಳೋದು ಕಲಿಯುತ್ತೆ. ಸ್ನಾಯುವಿನೊಳಗೆ ಸಕ್ಕರೆ ದಾಸ್ತಾನು ಹೆಚ್ಚುತ್ತೆ. ಆ ದಾಸ್ತಾನಿನ ಒಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತೆ. ಹಂಗಾಗಿ ಚೆನ್ನಾಗಿ ಉಂಡು ಕಸರತ್ತು ಮಾಡೋನ ತೂಕ ಮೊದಲು ಸ್ವಲ್ಪ ಏರಿದರೂ ಹೆದರಬೇಕಾಗಿಲ್ಲ.

ಎರಡನೇ ವಾರದಿಂದ ಆರನೇ ವಾರದ ತನಕ ಶಕ್ತಿ ಏರುತ್ತೆ, ಗಾತ್ರ ಅಷ್ಟಾಗಿ ಏರೋದಿಲ್ಲ. ಮೂರು ಪುಲ್‌ಅಪ್ ಹೊಡೀತಿದ್ದೋನು ಆರು ಹೊಡೀತಾನೆ, ಆದ್ರೆ ತೋಳು ಮೊದಲಿನಷ್ಟೇ ಕಾಣುತ್ತೆ. ಮಿದುಳು ಮತ್ತು ನರ ಈಗಿರೋ ಸ್ನಾಯುವನ್ನೇ ಪೂರ್ತಿ ಬಳಸೋದು ಕಲಿತಿರೋದು ಇದಕ್ಕೆ ಕಾರಣ.

ಕಣ್ಣಿಗೆ ಕಾಣೋ ಹಂಗೆ ಸ್ನಾಯು ಬೆಳೆಯೋಕೆ ಆರರಿಂದ ಎಂಟು ವಾರ ಬೇಕು, ಅದೂ ಊಟ ಸರಿ ಇದ್ದರೆ. ಕೊಬ್ಬು ಇಳಿಯೋದೂ ನಿಧಾನ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ಮೇಲಿನ ಎರಡನೇ ಹುಡುಗ 8 ಕೆಜಿ ಕರಗಿಸೋಕೆ 180 ದಿನವೂ ದಿನಕ್ಕೆ 340 ಕ್ಯಾಲೊರಿಯಷ್ಟು ಕೊರತೆ ಬೀಳಬೇಕು. ಇದನ್ನೇ 40 ದಿನಕ್ಕೆ ಹಿಂಡಿದರೆ ದಿನಕ್ಕೆ 1,500 ಕ್ಯಾಲೊರಿ ದಾಟುತ್ತೆ. ಅಷ್ಟು ಕೊರತೆ ಮಾಡ್ಕೊಂಡು ಓಡಿದರೆ ಕರಗೋದು ಕೊಬ್ಬೊಂದೇ ಅಲ್ಲ, ಸ್ನಾಯುವೂ ಹೋಗುತ್ತೆ.

ಓಡಿದ್ದಕ್ಕೇ ಎಲ್ಲ ಕರಗುತ್ತೆ ಅನ್ನೋದೂ ತಪ್ಪು. 60 ಕೆಜಿ ಹುಡುಗ 1.6 ಕಿ.ಮೀ. ಓಡಿದರೆ ಖರ್ಚಾಗೋದು 100 ಕ್ಯಾಲೊರಿ ಆಸುಪಾಸು, ಅಂದ್ರೆ ಅರ್ಧ ಜೋಳದ ರೊಟ್ಟಿ. ಸೆಂಟರ್‌ನಲ್ಲಿ ಮೈ ಬದಲಾಗೋದು ಆ ಒಂದು ಓಟದಿಂದಲ್ಲ. ಬೆಳಗಿನ ಪಿಟಿ, ಡ್ರಿಲ್, ಫೈರಿಂಗ್ ರೇಂಜ್‌ಗೆ ನಡಿಗೆ, ಬೆನ್ನ ಮೇಲಿನ ಭಾರ, ಸಂಜೆಯ ಆಟ, ಇವೆಲ್ಲ ಸೇರಿ ದಿನವಿಡೀ ಮೈ ದುಡಿದಿರುತ್ತೆ. ಇಂಥ ತರಬೇತಿಯಲ್ಲಿ ದಿನಕ್ಕೆ 3,000ದಿಂದ 4,000 ಕ್ಯಾಲೊರಿ ಖರ್ಚಾಗೋದು ಸಾಮಾನ್ಯ.

ಸಾವಿರ ಹುಡುಗರ ಲೆಕ್ಕ ಏನು ಹೇಳುತ್ತೆ?

ಫಿನ್‌ಲ್ಯಾಂಡ್ ದೇಶದಲ್ಲಿ ಗಂಡು ಹುಡುಗರಿಗೆ ಸೇನಾ ಸೇವೆ ಕಡ್ಡಾಯ. ದಪ್ಪಗಿರೋರು, ಸಣ್ಣಗಿರೋರು, ಆಟ ಆಡೋರು, ಆಡದೇ ಇರೋರು ಎಲ್ಲ ಹೋಗ್ತಾರೆ. ಹಂಗಾಗಿ ತರಬೇತಿಯ ಪರಿಣಾಮ ನೋಡೋಕೆ ಅದು ಒಳ್ಳೆ ಜಾಗ. 2009ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ 19ರ ಆಸುಪಾಸಿನ ಸುಮಾರು 1,000 ಹುಡುಗರನ್ನ ಸೇವೆಗೆ ಮುಂಚೆ ಮತ್ತು ಆರರಿಂದ ಹನ್ನೆರಡು ತಿಂಗಳ ಸೇವೆ ಆದ ಮೇಲೆ ಅಳೆದರು.

ಸರಾಸರಿ ತೂಕ ಶೇ 1ರಷ್ಟೂ ಬದಲಾಗಿರಲಿಲ್ಲ. ಆದರೆ ಕೊಬ್ಬಿನ ತೂಕ ಹೆಚ್ಚುಕಮ್ಮಿ ಹತ್ತನೇ ಒಂದು ಪಾಲು ಇಳಿದಿತ್ತು. ಎಲ್ಲಕ್ಕಿಂತ ಜೋರಾಗಿ ಇಳಿದಿದ್ದು ಹೊಟ್ಟೆಯೊಳಗೆ, ಕರುಳಿನ ಸುತ್ತ ಕೂರೋ ಕೊಬ್ಬು. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ದಾರಿ ಮಾಡೋದು ಇದೇ. ಕೊಬ್ಬು ಬಿಟ್ಟು ಉಳಿದ ತೂಕ ಸ್ವಲ್ಪ ಏರಿತ್ತು. ಯಾರು ಹೋಗುವಾಗ ದಪ್ಪಗಿದ್ದರೋ ಅವರಲ್ಲೇ ಒಳ್ಳೆ ಬದಲಾವಣೆ ಹೆಚ್ಚು.

ಗಮನಿಸಿ, ಇದು ಅರ್ಧದಿಂದ ಒಂದು ವರ್ಷದ ಕೆಲಸ. 40 ದಿನದ್ದಲ್ಲ.

ಅತಿಯಾದರೆ ಮೈ ಮೈಯನ್ನೇ ತಿನ್ನುತ್ತೆ

ಕಸರತ್ತು ಜಾಸ್ತಿ ಆದಷ್ಟೂ ಮೈ ಗಟ್ಟಿ ಆಗುತ್ತೆ ಅನ್ನೋರು ಅಮೆರಿಕದ ರೇಂಜರ್ ತರಬೇತಿಯ ಲೆಕ್ಕ ನೋಡಬೇಕು. ಅದು ಎಂಟು ವಾರದ ಕಠಿಣ ಕೋರ್ಸ್. ಬೇಕಂತಲೇ ಊಟ ಕಡಿಮೆ, ನಿದ್ದೆ ಕಡಿಮೆ ಇಡ್ತಾರೆ. 1990ರ ದಶಕದ ಶುರುವಿನಲ್ಲಿ ಅಲ್ಲಿ 55 ಸೈನಿಕರನ್ನ ಅಳೆದರು. ಹೋಗುವಾಗಲೇ ಅವರು ಗಟ್ಟಿ ಆಳುಗಳು, ಕೊಬ್ಬು ಶೇ 14 ಆಸುಪಾಸು. ಎಂಟು ವಾರದಲ್ಲಿ ಸರಾಸರಿ ಶೇ 16ರಷ್ಟು ತೂಕ ಕಳೆದುಕೊಂಡರು. ಕೊಬ್ಬು ಶೇ 6ಕ್ಕಿಂತ ಕೆಳಗೆ ಬಂತು.

ಆರೋಗ್ಯವಂತ ಗಂಡಸಿನ ಮೈ ಬಿಟ್ಟುಕೊಡೋ ಕೊಬ್ಬಿನ ಕೊನೆ ಗಡಿ ಶೇ 4ರಿಂದ 6 ಅಂತ ಆ ಅಧ್ಯಯನ ತೋರಿಸಿತು. ಆ ಗಡಿ ಹತ್ತಿರ ಬಂದ ಮೇಲೆ ಮೈ ಸ್ನಾಯುವನ್ನೇ ಉರುವಲು ಮಾಡ್ಕೊಳ್ಳುತ್ತೆ. ಗಂಡಸರ ಹಾರ್ಮೋನ್ ಪಾತಾಳಕ್ಕೆ ಇಳಿಯುತ್ತೆ, ಶಕ್ತಿ ಕುಗ್ಗುತ್ತೆ, ಸೋಂಕು ಬೇಗ ತಗಲುತ್ತೆ. ಕೋರ್ಸ್ ಮುಗಿದು ಹೊಟ್ಟೆ ತುಂಬ ಉಣ್ಣೋಕೆ ಶುರು ಮಾಡಿದ ಮೇಲೆ ಕೆಲವೇ ವಾರದಲ್ಲಿ ತೂಕ ವಾಪಸ್ ಬಂತು, ಕೊಬ್ಬು ಮಾತ್ರ ಮೊದಲಿಗಿಂತ ಜಾಸ್ತಿ ಆಗಿಬಂತು.

ಇಂಥ ಕೋರ್ಸ್‌ನ ಉದ್ದೇಶ ಮೈ ಕಟ್ಟೋದಲ್ಲ. ಹಸಿವು, ನಿದ್ದೆಗೇಡಿನಲ್ಲೂ ತಲೆ ಕೆಲಸ ಮಾಡುತ್ತಾ ಅಂತ ನೋಡೋದು. ಪಕ್ಕದಲ್ಲಿ ಡಾಕ್ಟರ್ ಇರ್ತಾರೆ. ಯೂಟ್ಯೂಬ್‌ನಲ್ಲಿ ಕಮಾಂಡೊ ವಿಡಿಯೊ ನೋಡಿ ಅದನ್ನೇ ರ‍್ಯಾಲಿ ತಯಾರಿ ಅಂದ್ಕೊಂಡು ಉಪವಾಸ ಓಡೋ ಹುಡುಗ, ಮೈ ಕಟ್ಟೋ ಬದಲು ಮೈ ಕರಗಿಸ್ಕೊಳ್ತಿರ್ತಾನೆ.

ಎಲುಬಿನ ಮಾತು: ಮೂರನೇ ವಾರದ ಗಂಡಾಂತರ

ಸ್ನಾಯು, ಕೊಬ್ಬಿನ ಬಗ್ಗೆ ಎಲ್ಲರೂ ಮಾತಾಡ್ತಾರೆ. ಎಲುಬು ಯಾರ ನೆನಪಿಗೂ ಬರಲ್ಲ, ನೋಯುವ ತನಕ.

ಎಲುಬು ಸತ್ತ ಕಟ್ಟಿಗೆ ಅಲ್ಲ. ಭಾರ ಬಿದ್ದಾಗ ಹಳೇ ಭಾಗ ಒಡೆದು ಹೊಸದಾಗಿ ಕಟ್ಟಿಕೊಳ್ಳುತ್ತೆ. ಹಳೇ ಮನೆ ರಿಪೇರಿ ಹಂಗೇ ಇದು. ಮೊದಲು ಗೋಡೆ ಕೆಡವಬೇಕು, ಆಮೇಲೆ ಕಟ್ಟಬೇಕು. ಕೆಡವೋ ಕೆಲಸ ಮೂರ್ನಾಲ್ಕು ವಾರದಲ್ಲಿ ಆಗುತ್ತೆ, ಕಟ್ಟೋ ಕೆಲಸಕ್ಕೆ ಮೂರು ತಿಂಗಳ ಆಸುಪಾಸು ಬೇಕು. ನಡುವಿನ ದಿನಗಳಲ್ಲಿ ಎಲುಬು ಮೊದಲಿಗಿಂತ ನಾಜೂಕಾಗಿರುತ್ತೆ. ಅದೇ ಹೊತ್ತಿಗೆ ಉಸಿರು ಕೂಡಿರುತ್ತೆ, ಕಾಲಿಗೆ ಹುರುಪು ಬಂದಿರುತ್ತೆ, ಹುಡುಗ ಓಟ ದುಪ್ಪಟ್ಟು ಮಾಡ್ತಾನೆ. ಅಲ್ಲೇ ಎಲುಬಲ್ಲಿ ಕೂದಲೆಳೆಯಂಥ ಬಿರುಕು ಬೀಳೋದು. ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ.

ಇದು ಸೈನ್ಯದಷ್ಟೇ ಹಳೇ ಕಾಯಿಲೆ. 1855ರಲ್ಲಿ ಪ್ರಷ್ಯಾ ಸೇನೆಯ ಡಾಕ್ಟರ್ ಬ್ರೈಟ್‌ಹಾಪ್ಟ್, ದೂರ ನಡೆದ ಸಿಪಾಯಿಗಳ ಪಾದ ಬಾತು ನೋಯೋದನ್ನ ಬರೆದಿಟ್ಟರು. ಆಗ ಎಕ್ಸ್‌ರೇ ಇರಲಿಲ್ಲ, ಕಾರಣ ತಿಳಿಯಲಿಲ್ಲ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ಮೇಲೆ ಅದು ಪಾದದ ಎಲುಬಿನ ಬಿರುಕು ಅಂತ ಗೊತ್ತಾಯ್ತು. 1985ರಲ್ಲಿ ಪ್ರಕಟವಾದ ಇಸ್ರೇಲ್ ಸೇನೆಯ ಒಂದು ಅಧ್ಯಯನದಲ್ಲಿ 14 ವಾರದ ತರಬೇತಿಗೆ ಬಂದ 295 ಹುಡುಗರ ಪೈಕಿ ಶೇ 31 ಮಂದಿಗೆ ಸ್ಟ್ರೆಸ್ ಫ್ರ್ಯಾಕ್ಚರ್ ಆಗಿತ್ತು. ಮೂರರಲ್ಲಿ ಒಬ್ಬ ಅಂದ ಹಂಗಾಯ್ತು.

ಹೆಂಗೆ ಗುರುತಿಸೋದು? ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ಮೇಲೋ, ಪಾದದ ಮೇಲೋ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಳ್ ಅನ್ನುತ್ತೆ. ಓಡೋಕೆ ಶುರು ಮಾಡಿದಾಗ ಬಂದ ನೋವು ಓಡ್ತಾ ಓಡ್ತಾ ಹೆಚ್ಚುತ್ತೆ. ಆಮೇಲಾಮೇಲೆ ನಡೆದಾಗಲೂ, ರಾತ್ರಿ ಮಲಗಿದಾಗಲೂ ನೋಯುತ್ತೆ. ಕಾಲೆಲ್ಲ ಹರಡಿದಂಥ ಮೈಕೈ ನೋವು ಬೇರೆ, ಒಂದೇ ಬೊಟ್ಟಿನ ಜಾಗದ ನೋವು ಬೇರೆ. ಮೊದಲ ಎರಡು ಮೂರು ವಾರ ಸಾದಾ ಎಕ್ಸ್‌ರೇಯಲ್ಲಿ ಇದು ಕಾಣದೇ ಇರಬಹುದು. "ಎಕ್ಸ್‌ರೇ ನಾರ್ಮಲ್ ಐತಿ" ಅಂತ ಗುಳಿಗೆ ನುಂಗಿ, ಸ್ಪ್ರೇ ಹೊಡ್ಕೊಂಡು ಓಡಿದರೆ ಬಿರುಕು ಪೂರ್ತಿ ಮುರಿತ ಆಗಬಹುದು. ಆಗ ಆ ರ‍್ಯಾಲಿ ಅಷ್ಟೇ ಅಲ್ಲ, ಮುಂದಿನದೂ ಹೋಗುತ್ತೆ. ಬಿರುಕು ಇದ್ದಾಗ ಓಟ ನಿಲ್ಲಿಸಿ ಆರರಿಂದ ಎಂಟು ವಾರ ಕಾಲಿಗೆ ವಿಶ್ರಾಂತಿ ಕೊಟ್ಟರೆ ಹೆಚ್ಚಿನವು ಕೂಡಿಕೊಳ್ಳುತ್ತವೆ.

ಒಳ್ಳೆ ಸುದ್ದಿಯೂ ಇದೆ. ಹಂತ ಹಂತವಾಗಿ ಭಾರ ಹೆಚ್ಚಿಸಿದರೆ ಕಾಲಿನ ಎಲುಬು ನಿಜಕ್ಕೂ ಗಟ್ಟಿ ಆಗುತ್ತೆ. ಬ್ರಿಟಿಷ್ ಸೇನೆಯಲ್ಲಿ ಹೊಸದಾಗಿ ಸೇರಿದವರ ಕಾಲೆಲುಬನ್ನ ಹತ್ತು ವಾರದ ತರಬೇತಿ ಹಿಂದೆ ಮುಂದೆ ಸ್ಕ್ಯಾನ್ ಮಾಡಿ ನೋಡಿದಾಗ ಸಾಂದ್ರತೆ ಏರಿದ್ದು ಕಂಡಿದೆ. ಇದು ಕನ್ನಡಿಯಲ್ಲಿ ಕಾಣೋದಿಲ್ಲ, ಆದರೆ ಮುಂದಿನ ವರ್ಷಗಳಿಗೆ ಉಪಯೋಗಕ್ಕೆ ಬರುತ್ತೆ.

ಸೆಂಟರ್‌ಗೂ ಊರ ಮೈದಾನಕ್ಕೂ ಫರಕು ಎಲ್ಲಿ?

ಹಂಗಾದ್ರೆ ಸೆಂಟರ್‌ನಲ್ಲಿ ಅಷ್ಟು ಮಂದಿ ಮೈ ಕಟ್ಕೊಂಡು ಬರ್ತಾರೆ, ಊರಲ್ಲಿ ಯಾಕೆ ಆಗಲ್ಲ? ಓಟ ಎರಡೂ ಕಡೆ ಇದೆ. ಫರಕು ಇರೋದು ಓಟ ಬಿಟ್ಟು ಉಳಿದಿದ್ದರಲ್ಲಿ.

ಅಲ್ಲಿ ಲಂಗರ್‌ನಲ್ಲಿ ಹೊತ್ತು ಹೊತ್ತಿಗೆ ಊಟ ಸಿಗುತ್ತೆ, ಬಿಡೋಕೆ ಬಿಡಲ್ಲ. ರಾತ್ರಿ ದೀಪ ಆರಿಸೋ ಹೊತ್ತು ಅಂತ ಇದೆ. ಪಿಟಿ ಉಸ್ತಾದ್ ಸುಲಭದಿಂದ ಕಷ್ಟಕ್ಕೆ ಹಂತವಾಗಿ ಒಯ್ತಾರೆ. ಕಾಲು ನೊಂದರೆ ಡಾಕ್ಟರ್ ಮುಂದೆ ನಿಲ್ಲಿಸ್ತಾರೆ, ವಿಶ್ರಾಂತಿ ಬರೆದುಕೊಡ್ತಾರೆ. ಸೇನೆಗೆ ಪಿಟಿ ಉಸ್ತಾದ್‌ಗಳನ್ನ ತಯಾರು ಮಾಡೋಕಂತಲೇ ಪುಣೆಯಲ್ಲಿ ದೈಹಿಕ ತರಬೇತಿ ಸಂಸ್ಥೆ ಇದೆ. ಸೈನಿಕರ ಊಟದ ಬಗ್ಗೆ ಸಂಶೋಧನೆ ಮಾಡೋಕೆ ನಮ್ಮದೇ ಮೈಸೂರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಇದೆ, 1961ರಿಂದ ಕೆಲಸ ಮಾಡ್ತಿದೆ. ಒಬ್ಬ ಜವಾನನ ಮೈ ಹಿಂದೆ ಇಷ್ಟು ವ್ಯವಸ್ಥೆ ಇದೆ.

ಊರಲ್ಲಿ? ನಸುಕಿನಲ್ಲಿ ಖಾಲಿ ಹೊಟ್ಟೆಲಿ ಎದ್ದು ಡಾಂಬರು ರಸ್ತೆ ಮೇಲೆ ಸವೆದ ಬೂಟಲ್ಲಿ ಓಟ. ಬಂದು ಒಂದು ಕಪ್ ಚಹಾ. ಆಮೇಲೆ ಹೊಲದ ಕೆಲಸ ಇಲ್ಲವೇ ಗೌಂಡಿ ಕೆಲಸ, ಸಂಜೆ ಮತ್ತೆ ಓಟ, ರಾತ್ರಿ ಹನ್ನೆರಡರ ತನಕ ಮೊಬೈಲ್. ಕಸರತ್ತು ಮೈಗೆ ಬರೀ ಆರ್ಡರ್ ಕೊಡುತ್ತೆ. ಸಾಮಾನು ಬರೋದು ಊಟದಿಂದ, ಕಟ್ಟೋ ಕೆಲಸ ಆಗೋದು ನಿದ್ದೆಯಲ್ಲಿ. ಇವೆರಡೂ ಇಲ್ಲದಿದ್ದರೆ ಆರ್ಡರ್ ಮೇಲೆ ಆರ್ಡರ್ ಬಿದ್ದರೂ ಮನೆ ಏಳೋದಿಲ್ಲ.

ಪೌಡರ್ ಡಬ್ಬಿ ಬೇಕೇ ಬೇಕಾ?

ಬೇಡ. ಐಸಿಎಂಆರ್ 2020ರ ಶಿಫಾರಸು ಪ್ರಕಾರ ಸಾಮಾನ್ಯ ಮನುಷ್ಯನಿಗೆ ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 60 ಕೆಜಿಗೆ 50 ಗ್ರಾಂ. ಗಟ್ಟಿ ಕಸರತ್ತು ಮಾಡೋರಿಗೆ ಕೆಜಿಗೆ 1.4 ಗ್ರಾಂ ಅಥವಾ ಸ್ವಲ್ಪ ಹೆಚ್ಚು ಬೇಕು ಅಂತಾರೆ ಕ್ರೀಡಾ ಪೋಷಣೆ ಬಲ್ಲವರು. 60 ಕೆಜಿ ಹುಡುಗನಿಗೆ ಇದು 84 ಗ್ರಾಂ.

ನಮ್ಮ ಮನೆ ಊಟದಲ್ಲಿ ಇದನ್ನ ಕೂಡಿಸಿ ನೋಡಿ. ಎಲ್ಲ ಅಂದಾಜು ಲೆಕ್ಕ:

ನಾಲ್ಕು ಜೋಳದ ರೊಟ್ಟಿ: 24 ಗ್ರಾಂ
ಎರಡು ಬಟ್ಟಲು ಹೆಸರುಕಾಳು ಅಥವಾ ಮಡಿಕೆಕಾಳು ಪಲ್ಯ: 14 ಗ್ರಾಂ
ಎರಡು ಹಿಡಿ ಶೇಂಗಾ, ಅಂದ್ರೆ 50 ಗ್ರಾಂ: 12 ಗ್ರಾಂ
ಎರಡು ತತ್ತಿ: 12 ಗ್ರಾಂ
ಅರ್ಧ ಲೀಟರ್ ಹಾಲು: 16 ಗ್ರಾಂ
ಒಂದು ದೊಡ್ಡ ಬಟ್ಟಲು ಮೊಸರು: 7 ಗ್ರಾಂ

ಒಟ್ಟು 85 ಗ್ರಾಂ. ತತ್ತಿ ತಿನ್ನದೇ ಇರೋರು ಕಾಳು ಮತ್ತು ಹಾಲು ಹೆಚ್ಚು ಮಾಡಿದರೆ ಸಾಕು. ಒಂದೇ ಹೊತ್ತಿಗೆ ಸುರಿಯೋದಕ್ಕಿಂತ ಮೂರು ನಾಲ್ಕು ಹೊತ್ತಿಗೆ ಹಂಚಿ ತಿನ್ನೋದು ಒಳ್ಳೇದು. ಅನ್ನ, ರೊಟ್ಟಿ ಬಿಡೋದು ಮಾತ್ರ ಬೇಡ. ಅದಿಲ್ಲದಿದ್ದರೆ ಓಟಕ್ಕೆ ಬೇಕಾದ ಸಕ್ಕರೆ ದಾಸ್ತಾನು ಇರಲ್ಲ, ತಿಂದ ಪ್ರೊಟೀನ್ ಕೂಡ ಉರುವಲಿಗೇ ಹೋಗುತ್ತೆ.

ಹೆಣ್ಣುಮಕ್ಕಳಿಗೆ ಬೇರೆ ಲೆಕ್ಕ

ಸೇನೆಯ ಮಿಲಿಟರಿ ಪೊಲೀಸ್ ವಿಭಾಗಕ್ಕೆ ಹೆಣ್ಣುಮಕ್ಕಳನ್ನ ಜವಾನರಾಗಿ ತಗೊಳ್ಳೋಕೆ ಶುರು ಮಾಡಿದ ಮೇಲೆ ಮೊದಲ ತಂಡ ತರಬೇತಿ ಪಡೆದಿದ್ದು ಬೆಂಗಳೂರಲ್ಲಿ. 83 ಮಂದಿಯ ಆ ತಂಡ 2021ರ ಮೇ 8ರಂದು ತರಬೇತಿ ಮುಗಿಸಿತು. ಈಗ ನಮ್ಮ ಹಳ್ಳಿಗಳಲ್ಲೂ ಹುಡುಗಿಯರು ಓಡೋಕೆ ಬರ್ತಿದ್ದಾರೆ.

ಹೆಣ್ಣಿನ ಮೈಯಲ್ಲಿ ಕೊಬ್ಬಿನ ಪಾಲು ಗಂಡಸರಿಗಿಂತ ಹೆಚ್ಚಿರೋದು ಸಹಜ, ಅದು ಬೇಕು ಕೂಡ. ತರಬೇತಿಯಲ್ಲಿ ಅವರ ಸ್ನಾಯುವೂ ಬೆಳೆಯುತ್ತೆ, ಎಲುಬೂ ಗಟ್ಟಿ ಆಗುತ್ತೆ. ಆದರೆ ಸ್ಟ್ರೆಸ್ ಫ್ರ್ಯಾಕ್ಚರ್ ಅವರಿಗೆ ಗಂಡಸರಿಗಿಂತ ಹೆಚ್ಚು ಬರುತ್ತೆ ಅಂತ ಹಲವು ದೇಶಗಳ ಸೇನೆಗಳು ಕಂಡುಕೊಂಡಿವೆ. ಅಮೆರಿಕ ನೌಕಾಪಡೆ ತರಬೇತಿಗೆ ಬಂದ 5,201 ಮಹಿಳೆಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಂಟು ವಾರ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟ ಗುಂಪಿನಲ್ಲಿ ಬಿರುಕು ಶೇ 20ರಷ್ಟು ಕಡಿಮೆ ಇತ್ತು. ಹಾಗಂತ ಅಂಗಡಿಗೆ ಹೋಗಿ ಗುಳಿಗೆ ತಗೊಳ್ಳೋದಲ್ಲ. ಡಾಕ್ಟರ್ ಹತ್ರ ಕೇಳಿ, ರಕ್ತ ಪರೀಕ್ಷೆ ಮಾಡಿಸಿ. ರಕ್ತಹೀನತೆ ಇದ್ದರೆ ಅದೂ ಅಲ್ಲೇ ಗೊತ್ತಾಗುತ್ತೆ.

ತಾಯಂದಿರು ಗಮನಿಸಬೇಕಾದ ಒಂದು ಮಾತಿದೆ. ಓಡೋಕೆ ಶುರು ಮಾಡಿದ ಮಗಳ ಮುಟ್ಟು ನಿಂತರೆ ಅದು "ಕಸರತ್ತಿಗೆ ಸಹಜ" ಅಲ್ಲ. ತಿಂದಿದ್ದು ಸಾಲ್ತಿಲ್ಲ, ಎಲುಬಿಗೆ ಪೆಟ್ಟು ಬೀಳ್ತಿದೆ ಅಂತ ಮೈ ಹೇಳ್ತಿದೆ. ತಡ ಮಾಡದೆ ತೋರಿಸಬೇಕು.

ಬೆವರಿನ ಮೋಸ

ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿದರೆ ಒಂದೇ ದಿನದಲ್ಲಿ ಒಂದು ಕೆಜಿ ಇಳಿಯಬಹುದು. ಅಷ್ಟೂ ನೀರು. ಎರಡು ತಂಬಿಗೆ ನೀರು ಕುಡಿದರೆ ವಾಪಸ್. ಕೊಬ್ಬು ಒಂದು ಚಮಚವೂ ಹೋಗಿರಲ್ಲ. ಬದಲಿಗೆ ಬೆವರು ಆರದೆ ಮೈ ಶಾಖ ಒಳಗೇ ಉಳಿಯುತ್ತೆ. ಬಿಸಿಲಲ್ಲಿ ಓಡೋನು ತಲೆ ತಿರುಗಿ, ತೊದಲಿ, ಅಡ್ಡಾದಿಡ್ಡಿ ಹೆಜ್ಜೆ ಹಾಕಿದರೆ ಅದು ಶಾಖಾಘಾತ. ಜೀವ ಹೋಗೋ ವಿಷಯ. ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು.

ಮೂತ್ರ ಹೆಚ್ಚಿಸೋ ಗುಳಿಗೆ, ಓಟಕ್ಕೆ ಮುಂಚೆ ತಗೊಳ್ಳೋ ಇಂಜೆಕ್ಷನ್, ಇವೂ ಅಷ್ಟೇ. ಮೈ ರಚನೆ ಬದಲಾಗಲ್ಲ, ಹೃದಯ ಮತ್ತು ಕಿಡ್ನಿ ಮೇಲೆ ಭಾರ ಬೀಳುತ್ತೆ.

ಹಂಗಾದ್ರೆ ತಯಾರಿ ಹೆಂಗೆ?

ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನ 5 ನಿಮಿಷ 30 ಸೆಕೆಂಡ್ ಒಳಗೆ ಮುಗಿಸಿದರೆ ಪೂರ್ತಿ 60 ಅಂಕ, 10 ಪುಲ್‌ಅಪ್ ಹೊಡೆದರೆ 40 ಅಂಕ. ಒಂಬತ್ತು ಅಡಿ ಹಳ್ಳ ಜಿಗಿಯೋದು, ಬ್ಯಾಲೆನ್ಸ್ ಮೇಲೆ ನಡೆಯೋದು ಪಾಸಾಗಬೇಕು. ತೂಕ ಎತ್ತರ ಮತ್ತು ವಯಸ್ಸಿಗೆ ತಕ್ಕಂತೆ ಇರಬೇಕು. ಪ್ರತಿ ವರ್ಷದ ಅಧಿಸೂಚನೆ ನೋಡ್ಕೊಂಡೇ ಹೋಗಿ, ನಿಯಮ ಬದಲಾಗ್ತಿರುತ್ತೆ. 2023ರಿಂದ ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಆಯ್ಕೆ ಆದವರಿಗೆ ಮಾತ್ರ ರ‍್ಯಾಲಿ. ಅರ್ಜಿ ಹಾಕಿದ ದಿನದಿಂದ ಎಣಿಸಿದರೆ ತಯಾರಿಗೆ ತಿಂಗಳುಗಳೇ ಸಿಗುತ್ತೆ. ಫಲಿತಾಂಶ ಬಂದ ಮೇಲೆ ಓಡೋಣ ಅನ್ನೋದೇ ಎಲ್ಲ ಅವಸರಕ್ಕೆ ಮೂಲ.

ಕನಿಷ್ಠ ನಾಲ್ಕರಿಂದ ಆರು ತಿಂಗಳು ಇಟ್ಟುಕೊಳ್ಳಿ. ವಾರಕ್ಕೆ ಮೂರು ನಾಲ್ಕು ದಿನ ಓಟ, ಎರಡು ಮೂರು ದಿನ ಪುಲ್‌ಅಪ್, ದಂಡ, ಬೈಠಕ್. ಒಂದು ದಿನ ಪೂರ್ತಿ ವಿಶ್ರಾಂತಿ. ಓಟದ ದೂರವನ್ನ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಮೂರ್ನಾಲ್ಕನೇ ವಾರದಲ್ಲಿ ಏರಿಸೋ ಬದಲು ಒಂದು ವಾರ ಕಡಿಮೆ ಮಾಡಿ. ಆದಷ್ಟು ಮಣ್ಣಿನ ಮೈದಾನದಲ್ಲಿ ಓಡಿ. ಏಳೆಂಟು ತಾಸು ನಿದ್ದೆ ಮಾಡಿ.

ಬದಲಾವಣೆ ಅಳೆಯೋಕೆ ದಿನಾ ಕಾಂಟಾ ಹತ್ತಬೇಡಿ. ವಾರಕ್ಕೊಮ್ಮೆ ಬೆಳಿಗ್ಗೆ ಹೊಕ್ಕಳ ಮಟ್ಟದಲ್ಲಿ ಟೇಪ್ ಹಿಡಿದು ಸೊಂಟ ಅಳೆಯಿರಿ. ಎರಡು ವಾರಕ್ಕೊಮ್ಮೆ 1.6 ಕಿ.ಮೀ. ಟೈಮ್ ಮತ್ತು ಪುಲ್‌ಅಪ್ ಎಣಿಕೆ ಬರೆದಿಡಿ. ಸೊಂಟ ಇಳಿದು, ಟೈಮ್ ಇಳಿದು, ಪುಲ್‌ಅಪ್ ಏರಿದರೆ ತೂಕ ಎಷ್ಟಿದ್ದರೂ ದಾರಿ ಸರಿ ಇದೆ. ತೂಕ ಇಳಿದು ಪುಲ್‌ಅಪ್ಪೂ ಇಳಿದರೆ ಸ್ನಾಯು ಹೋಗ್ತಿದೆ, ಊಟ ಹೆಚ್ಚಿಸಿ.

ನಾಲ್ಕು ವರ್ಷದ ನಂತರ

ಕೊನೆಯದಾಗಿ, ಆಯ್ಕೆ ಆದವರ ಮನೆಯವರಿಗೊಂದು ಮಾತು. ಅಗ್ನಿಪಥ್ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿದ ಮೇಲೆ ಕಾಯಂ ಆಗೋದು ಶೇ 25ರ ತನಕ. ಉಳಿದವರು ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿಗೆಲ್ಲ ಊರಿಗೆ ವಾಪಸ್ ಬರ್ತಾರೆ. ಬೆಳಗಿನ ಸೀಟಿ ಇರಲ್ಲ, ಪಿಟಿ ಇರಲ್ಲ, ಆದರೆ ಲಂಗರ್‌ನಲ್ಲಿ ಉಂಡ ಹಸಿವು ಹಂಗೇ ಇರುತ್ತೆ. ಕಸರತ್ತು ನಿಂತ ಕೆಲವೇ ವಾರದಲ್ಲಿ ದಮ್ಮು ಇಳಿಯುತ್ತೆ, ಕೆಲವು ತಿಂಗಳಲ್ಲಿ ಸ್ನಾಯು ಕರಗುತ್ತೆ, ಹೊಟ್ಟೆ ಮೊದಲಿನ ಜಾಗಕ್ಕೆ ಬರುತ್ತೆ. ಸೇನೆ ಕೊಟ್ಟ ಮೈ ಪೆನ್ಶನ್ ಥರ ಕೂತಲ್ಲೇ ಬರೋದಲ್ಲ. ವಾರಕ್ಕೆ ಮೂರು ದಿನ ಓಟ, ಎರಡು ದಿನ ದಂಡ-ಬೈಠಕ್ ಇಟ್ಟುಕೊಂಡರೆ ಬಹುಪಾಲು ಉಳಿಯುತ್ತೆ. ಪೊಲೀಸ್, ಅರೆಸೇನಾ ಪಡೆ, ಅರಣ್ಯ ಇಲಾಖೆ ನೇಮಕಾತಿಗಳಲ್ಲಿ ಮತ್ತೆ ಓಡಬೇಕಾಗಿ ಬಂದಾಗ ಅದೇ ಕೈ ಹಿಡಿಯುತ್ತೆ.